ಕೈ ಕಾಣುವ ಜಾಗ

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದವರು ನಮ್ಮ ಮನೆಯ ಇಬ್ಬರು ಗಂಡಸರನ್ನು ನೋಡಿರಲಿಲ್ಲ. ಇಬ್ಬರಿಗೂ ಮಾತು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಒಬ್ಬರ ಜೊತೆ ಒಬ್ಬರು ಆಡುವುದಿಲ್ಲ, ಅಷ್ಟೆ. ಒಬ್ಬರು ನಮ್ಮ ಯಜಮಾನರು, ಇನ್ನೊಬ್ಬ ನನ್ನ ಒಡಹುಟ್ಟಿದ ಅಣ್ಣ. ಯಜಮಾನರು ಹಜಾರದಲ್ಲಿ, ಅಣ್ಣ ಮುಂದಿನ ಕೋಣೆಯಲ್ಲಿ, ನಡುವೆ ಅಂಚೆಯವಳ ಹಾಗೆ ನಾನು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನನ್ನು ಕೈಹಿಡಿದು ಕರೆತಂದವಳು ನಾನೇ. ಬರುತ್ತೇನೆ, ಆದರೆ ನಿನ್ನ ಗಂಡನ ಹತ್ತಿರ ಮಾತಾಡು ಎಂದು ಪೀಡಿಸಬಾರದು ಎಂದು ಷರತ್ತು ಹಾಕಿಯೇ ಅವನು ಬಂದದ್ದು. ಷರತ್ತನ್ನು ಇಬ್ಬರೂ ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಕೊಟ್ಟ ಮಾತು ಉಳಿಸಿಕೊಳ್ಳುವುದರಲ್ಲಿ ನನ್ನ ತವರಿನವರೂ ಗಟ್ಟಿ, ಗಂಡನ ಮನೆಯವರೂ ಗಟ್ಟಿ ಎಂದು ನಾನು ಹೆಮ್ಮೆಪಡಬಹುದಿತ್ತು.

ಇಬ್ಬರೂ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆಯ ಅಂಗಳದೊಳಗೆ ಅದರದೇ ರೈಲು ಹಳಿಗಳಿದ್ದವು. ಬಿದಿರು ತುಂಬಿದ ವ್ಯಾಗನ್‌ಗಳನ್ನು ಒಳಗೆ ತರುವುದು, ಖಾಲಿಯಾದವನ್ನು ಹೊರಗೆ ಹಾಕುವುದು, ಹಿಂದಿನದು ಬೇಕಾದರೆ ಮುಂದಿನವನ್ನೆಲ್ಲ ಎಳೆದು ಪಕ್ಕದ ಹಳಿಗೆ ತಳ್ಳುವುದು. ಈ ಎಳೆದಾಟಕ್ಕೆ ಶಂಟಿಂಗ್ ಎನ್ನುತ್ತಾರೆ. ಅಣ್ಣ ಎಂಜಿನ್ ಓಡಿಸುತ್ತಿದ್ದ, ಯಜಮಾನರು ನೆಲದ ಮೇಲೆ ನಿಂತು ಕೈ ತೋರಿಸುತ್ತಿದ್ದರು. ಕೈ ತಲೆಯ ಮೇಲೆತ್ತಿ ಆಡಿಸಿದರೆ ಬಾ, ಹೆಗಲಿನ ನೇರಕ್ಕೆ ಪಕ್ಕಕ್ಕೆ ಚಾಚಿದರೆ ನಿಲ್ಲು. ಬಾಯಿಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ನನ್ನ ಮದುವೆ ಆದದ್ದೂ ಆ ಕೈಯಿಂದಲೇ. ದಿನವಿಡೀ ಅವನ ಕೈ ನೋಡಿಕೊಂಡೇ ಎಂಜಿನ್ ಓಡಿಸ್ತೀನಿ, ಕಣ್ಣುಮುಚ್ಚಿಕೊಂಡು ನಂಬಬಹುದು ಎಂದು ಅಣ್ಣನೇ ನಮ್ಮಪ್ಪನ ಮುಂದೆ ಹೊಗಳಿದ್ದ.

ಆಮೇಲೊಂದು ಮಧ್ಯಾಹ್ನ ವ್ಯಾಗನ್‌ಗಳು ಕೊನೆಯ ಹಳಿಯ ತುದಿ ದಾಟಿ ಸೀದಾ ಕ್ಯಾಂಟೀನಿಗೆ ನುಗ್ಗಿದವು. ಗೋಡೆ ಬಿತ್ತು, ಚಹಾದ ಹಂಡೆ ಮಗುಚಿತು, ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ವಿಚಾರಣೆಗೆ ಸಾಹೇಬರುಗಳು ಬಂದರು. ಯಜಮಾನರು, ಕೈ ಚಾಚಿದ್ದೆ ಎಂದರು. ಅಣ್ಣ, ಕೈ ಕಾಣಲಿಲ್ಲ ಎಂದ. ಸಾಹೇಬರು ಅಣ್ಣನ ಎಂಜಿನ್ ಹತ್ತಿ ನೋಡಿದರು, ಯಜಮಾನರು ನಿಂತಿದ್ದ ಜಾಗ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅಂದಮೇಲೆ ನಿಮ್ಮಲ್ಲೊಬ್ಬ ಸುಳ್ಳ, ಯಾರೆಂದು ಗೊತ್ತಾಗುತ್ತಿಲ್ಲ, ಆದ್ದರಿಂದ ಇಬ್ಬರಿಗೂ ಶಿಕ್ಷೆ ಎಂದು ತೀರ್ಪು ಕೊಟ್ಟು ಹೋದರು. ಸುಳ್ಳ ಯಾರೆಂದು ಸಾಹೇಬರಿಗೆ ಗೊತ್ತಾಗದಿದ್ದರೂ ಇವರಿಬ್ಬರಿಗೆ ಮಾತ್ರ ಖಾತ್ರಿಯಾಗಿ ಗೊತ್ತಿತ್ತು. ಅಂದಿನಿಂದ ಮಾತು ನಿಂತಿತು.

ಇಬ್ಬರೂ ನಿವೃತ್ತರಾಗಿ, ನಾನೂ ಅಂಚೆ ಕೆಲಸಕ್ಕೆ ಒಗ್ಗಿಕೊಂಡು ಬದುಕುತ್ತಿರುವಾಗ, ಅಣ್ಣ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ತಿಂಗಳ ಕೊನೆಗೆ ಹೊರಡುತ್ತೇನೆ ಎಂದ. ಬೇರೆ ಊರಿನಲ್ಲಿ ಹಳೆಯ ಜೊತೆಗಾರನ ಮನೆಯ ಹಿಂದೆ ಒಂದು ಕೋಣೆ ಸಿಕ್ಕಿದೆಯಂತೆ.

"ನನ್ನ ಸುಳ್ಳ ಅಂದ್ಕೊಂಡಿರೋರ ಮನೇಲಿ ಎಷ್ಟು ದಿನ ಉಣ್ಲಿ?" ಎಂದ.

ಇಷ್ಟು ವರ್ಷ ಉಂಡೆಯಲ್ಲ ಎಂದೆ ನಾನು. ನನ್ನ ಬಾಯಿ ಹಾಗೆ. ಒಳಗೆ ಹೋಗಿ ಅತ್ತೆ. ತವರು ಎಂದು ನನಗೆ ಉಳಿದಿರುವುದು ಅವನೊಬ್ಬ. ಅವನು ಹೋದರೆ ನನ್ನನ್ನು ಚಿಕ್ಕವಳಿದ್ದಾಗಿನ ಹೆಸರಿನಿಂದ ಕರೆಯುವವರು ಈ ಲೋಕದಲ್ಲೇ ಇರುವುದಿಲ್ಲ. ತಿಂಗಳು ಮುಗಿಯುವುದರೊಳಗೆ ಇವರಿಬ್ಬರ ಬಾಯಿ ಬಿಡಿಸಬೇಕು, ಇಲ್ಲವಾದರೆ ಅಣ್ಣ ಕೈತಪ್ಪಿದ ಹಾಗೇ ಎಂದು ಲೆಕ್ಕ ಹಾಕಿದೆ.

ನಾನು ಈ ಚಿಂತೆಯಲ್ಲಿರುವಾಗ ಯಜಮಾನರಿಗೆ ಬೇರೆ ಚಿಂತೆ ಹತ್ತಿತು. ಎಲ್ಲಿಂದಲೋ ಒಂದು ಆಟಿಕೆಯ ರೈಲು ತಂದರು. ಬೆರಳುದ್ದದ ಎಂಜಿನ್ನು, ಐದು ವ್ಯಾಗನ್ನು, ಒಂದು ಚೀಲ ಹಳಿ. ಆಟಿಕೆ ಎಂದರೆ ಸಿಟ್ಟು, ಮಾದರಿ ಎನ್ನಬೇಕು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಬಾಗಿಲನ್ನು ಹಜಾರದಲ್ಲಿ ಎರಡು ಸ್ಟೂಲಿನ ಮೇಲೆ ಮಲಗಿಸಿ ಸೀಮೆಸುಣ್ಣದಲ್ಲಿ ಯೋಜನೆ ಹಾಕತೊಡಗಿದರು. ಸುಮ್ಮನೆ ಗುಂಡಗೆ ಸುತ್ತುವ ರೈಲು ಮಕ್ಕಳಿಗಂತೆ. ಇದು ಸಣ್ಣ ಕೈಗಾರಿಕಾ ಯಾರ್ಡು, ಇಲ್ಲಿ ರೈಲು ಎಲ್ಲಿಗೂ ಹೋಗುವುದಿಲ್ಲ, ಹಿಂದೆಮುಂದೆ ಅಷ್ಟೇ. ಎಲ್ಲಿಗೂ ಹೋಗದ ರೈಲಿಗೆ ವಾರಗಟ್ಟಲೆ ಯೋಜನೆ! ಕಟ್ಟಡಗಳಿಗೆ ನನ್ನ ಅಡುಗೆಮನೆಯ ಡಬ್ಬಿಗಳೇ ಆದವು. ಸಕ್ಕರೆ ಡಬ್ಬಿ ಎಣ್ಣೆ ಗೋದಾಮು, ಉಪ್ಪಿನ ಡಬ್ಬಿ ತೂಕದ ಮನೆ. ಚಹಾಕ್ಕೆ ಸಕ್ಕರೆ ಬೇಕಾದರೆ ನಾನು ಗೋದಾಮಿಗೆ ಹೋಗಿ ತರಬೇಕು.

ಇದು ಯಾವುದೋ ಕಲ್ಪನೆಯ ಯಾರ್ಡು ಎಂದು ಅವರು ಹೇಳುತ್ತಿದ್ದರು. ಆದರೆ ಅಳಿಸಿ ಅಳಿಸಿ ಬರೆದಂತೆ ತಿರುವು ಕಾರ್ಖಾನೆಯ ಅದೇ ತಿರುವಾಯಿತು, ಕೊನೆಯ ಹಳಿ ಅದೇ ಹಳಿಯಾಯಿತು. ಊಟದ ಬುತ್ತಿ ಹೊತ್ತು ವರ್ಷಗಟ್ಟಲೆ ಕಾರ್ಖಾನೆಗೆ ಹೋದವಳು ನಾನು, ನನಗೆ ತಿಳಿಯುವುದಿಲ್ಲವೇ? ಇಲ್ಲದ್ದು ಕ್ಯಾಂಟೀನೊಂದೇ.

ಅಣ್ಣ ಬಚ್ಚಲಿಗೆ ಹೋಗುವ ದಾರಿ ಹಜಾರದ ಮೇಲೆಯೇ. ಮೊದಲು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಆಮೇಲೆ ಓರೆಗಣ್ಣಿನಿಂದ ನೋಡತೊಡಗಿದ. ಆಮೇಲೆ ಬಚ್ಚಲಿಗೆ ಹೋಗುವುದು ಅತಿಯಾಯಿತು, ಹೊಟ್ಟೆ ಸರಿಯಿಲ್ಲವೇನೋ ಎಂದು ನಾನು ಗಾಬರಿಪಟ್ಟೆ. ಕೊನೆಗೊಂದು ದಿನ ನನ್ನನ್ನು ಕರೆದು, "ನಿಮ್ಮನೆಯವರಿಗೆ ಹೇಳು. ಆ ತುದಿ ಹಳೀಲಿ ಎಂಜಿನ್ ಜೊತೆ ಎರಡೇ ವ್ಯಾಗನ್ ಹಿಡಿಯೋದು. ಮೂರಕ್ಕೆ ಯೋಜನೆ ಹಾಕಿದ್ದಾರೆ," ಎಂದ.

ನಾಲ್ಕು ಹೆಜ್ಜೆ ನಡೆದು ಹೇಳಿದೆ. ಯಜಮಾನರು ತಲೆ ಎತ್ತದೆ, ಬೇಕೆಂದೇ ಹಾಗೆ ಮಾಡಿದ್ದೇನೆ, ಎಲ್ಲ ಸಲೀಸಾದರೆ ಶಂಟಿಂಗ್ ಯಾಕೆ ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮಧ್ಯಾಹ್ನ ಎಲ್ಲರೂ ಮಲಗಿದ್ದಾರೆ ಎಂದುಕೊಂಡು ಅಳತೆಪಟ್ಟಿ ಹಿಡಿದು ಆ ಹಳಿಯನ್ನು ಉದ್ದ ಮಾಡಿದ್ದನ್ನು ನಾನು ಕಂಡೆ. ಅಣ್ಣನೂ ಕಂಡ, ಅವನು ಅಂದು ಒಂದು ತುತ್ತು ಹೆಚ್ಚಿಗೆ ಉಂಡ.

ಆಮೇಲೆ ನನಗೆ ಬಿಡುವೇ ಇಲ್ಲ. ಈ ಕಡೆಯ ಮಾತನ್ನು ಆ ಕಡೆಗೆ ತಳ್ಳು, ಆ ಕಡೆಯದನ್ನು ಈ ಕಡೆಗೆ ಎಳೆ. ನಿಜವಾದ ಶಂಟಿಂಗ್ ಎಂಜಿನ್ ನಾನೇ ಆಗಿದ್ದೆ. ಆಗ ಒಂದು ಉಪಾಯ ಹೊಳೆಯಿತು. ಮಂಡಿನೋವು, ಇನ್ನು ಓಡಾಡುವುದು ನನ್ನಿಂದಾಗದು, ಬೇಕಾದರೆ ನೀವುನೀವೇ ಮಾತಾಡಿಕೊಳ್ಳಿ ಎಂದು ಕುಳಿತುಬಿಟ್ಟೆ. ಅಣ್ಣ ಒಂದು ದಿನ ತಾಳಿದ. ಎರಡನೆಯ ದಿನ ಎದ್ದು ಬಂದು ಆ ಬಾಗಿಲ ಹಲಗೆಯ ಒಂದು ತುದಿಯಲ್ಲಿ ಗಿಡ್ಡ ಮಣೆ ಹಾಕಿಕೊಂಡು, ಎಂಜಿನ್ ಓಡಿಸುವ ಗುಂಡಿಯನ್ನು ಕೈಗೆ ತೆಗೆದುಕೊಂಡ. ಗಲ್ಲ ಹಲಗೆಗೆ ತಾಗುವಷ್ಟು ಕೆಳಗೆ ಕೂತ. ಕುರ್ಚಿ ಯಾಕೆ ಬೇಡ ಎಂದು ನಾನು ಕೇಳಿದರೆ, ಡ್ರೈವರು ಹಳಿ ನೋಡೋದು ಎಂಜಿನ್ನಿಂದ, ಕಾಗೆ ಹಾಗೆ ಆಕಾಶದಿಂದಲ್ಲ ಎಂದ. ಈಗ ಮಾತಾಡುತ್ತಾರೆ ಎಂದು ನಾನು ಕಿವಿ ನಿಮಿರಿಸಿ ಕೂತೆ.

ಯಜಮಾನರು ಇನ್ನೊಂದು ತುದಿಯಲ್ಲಿ ಕುಳಿತು, ಕೈ ತಲೆಯ ಮೇಲೆತ್ತಿ ಆಡಿಸಿದರು. ಎಂಜಿನ್ ಹೊರಟಿತು. ಪಕ್ಕಕ್ಕೆ ಚಾಚಿದರು. ನಿಂತಿತು.

ಅಷ್ಟೇ. ಸಂಜೆಯಿಂದ ಊಟದ ಹೊತ್ತಿನವರೆಗೆ ಆಡಿದರು, ಮಾರನೆಯ ದಿನವೂ ಆಡಿದರು, ತುಟಿ ಪಿಟಕ್ಕೆನ್ನಲಿಲ್ಲ. ಇಬ್ಬರು ಮನುಷ್ಯರು ಜೀವಮಾನವಿಡೀ ಮಾತಿಲ್ಲದೆ ಕೂಡಿ ಮಾಡಬಹುದಾದ ಕೆಲಸ ಪ್ರಪಂಚದಲ್ಲಿ ಇದೊಂದೇ ಇರಬೇಕು, ಅದನ್ನೇ ಹುಡುಕಿ ಅವರ ಕೈಗೆ ಕೊಟ್ಟಿದ್ದೆ. ಮುಂದಿನ ಕೋಣೆಯಲ್ಲಿ ಅಣ್ಣನ ಪೆಟ್ಟಿಗೆಗಳು ಹಗ್ಗ ಬಿಗಿಸಿಕೊಂಡು ಸಿದ್ಧವಾಗಿದ್ದವು. ಭಾನುವಾರಕ್ಕೆ ಲಾರಿ ಗೊತ್ತುಮಾಡಿಯಾಗಿತ್ತು.

ಶುಕ್ರವಾರ ಅಣ್ಣ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಕೊನೆಯ ಹಳಿಯ ತುದಿಗೆ, ಹಲಗೆಯ ಅಂಚಿನಲ್ಲಿ ನಿಲ್ಲಿಸಿದ. ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು, ತೆಗೆಯಲಿಲ್ಲ.

ಶನಿವಾರ ನಾನು ಅಡುಗೆಮನೆಯ ಕಪಾಟು ಒರೆಸುತ್ತಿದ್ದೆ. ಸಿಟ್ಟು ಬಂದಾಗ ನಾನು ಕಪಾಟು ಒರೆಸುವುದು. ಹಿಟ್ಟಿನ ದೊಡ್ಡ ಡಬ್ಬಿಗೆ ಜಾಗ ಸಿಗದೆ, ಒಂದು ಗಳಿಗೆ ಇರಲಿ ಎಂದು ಅವರ ಹಲಗೆಯ ಮೇಲೆ, ತಿರುವಿನ ಹತ್ತಿರ ಕುಕ್ಕಿ ಬಂದೆ. ಇಬ್ಬರೂ ಆಟದಲ್ಲಿ ಮುಳುಗಿದ್ದರು. ನಾನು ಒಳಗೆ ಹೋಗಿ ಬಟ್ಟೆ ಹಿಂಡುವಷ್ಟರಲ್ಲಿ ಟಪ್ ಎಂದು ಸದ್ದಾಯಿತು. ಬಂದು ನೋಡಿದರೆ ಬೆಂಕಿಪೊಟ್ಟಣ ನೆಲದ ಮೇಲಿತ್ತು, ಅದರ ಹಿಂದೆಯೇ ಒಂದು ವ್ಯಾಗನ್ನು ಉರುಳಿ ಬಿದ್ದಿತ್ತು. ಯಜಮಾನರ ಕೈ ಹೆಗಲಿನ ನೇರಕ್ಕೆ ಚಾಚಿಕೊಂಡೇ ಇತ್ತು.

"ಕೈ ಚಾಚಿದ್ದೆ," ಎಂದರು.

"ಕೈ ಕಾಣ್ಲಿಲ್ಲ," ಎಂದ ಅಣ್ಣ.

ಇಷ್ಟು ವರ್ಷದ ಮೇಲೆ ಬಾಯಿ ಬಿಟ್ಟರು, ಬಿಟ್ಟಲ್ಲಿಂದಲೇ ಶುರುಮಾಡಿದರು. ನನ್ನ ಕರ್ಮ ಎಂದು ಹಣೆ ಚಚ್ಚಿಕೊಂಡು, ಡಬ್ಬಿ ಅಡ್ಡ ಇದ್ದರೆ ಹೇಗೆ ಕಾಣುತ್ತದೆ ಎನ್ನುತ್ತ ಅದನ್ನು ಎತ್ತಲು ಹೋದೆ.

"ಮುಟ್ಟಬೇಡ," ಎಂದರು ಯಜಮಾನರು. ಅಂಥ ದನಿಯನ್ನು ನಾನು ಕೇಳಿರಲಿಲ್ಲ. ಎದ್ದು ಹಲಗೆ ಸುತ್ತಿ ಬಂದು, ನರಳುತ್ತ ನೆಲಕ್ಕೆ ಮಂಡಿಯೂರಿ, ಅಣ್ಣನ ತಲೆಯ ಪಕ್ಕದಲ್ಲಿ ತಮ್ಮ ತಲೆ ಇಟ್ಟರು. ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಲು ಹೇಳಿದರು. ಕೈ ಮೇಲೆತ್ತು ಎಂದರು, ಎತ್ತಿದೆ. ಕಾಣುತ್ತದೆ ಎಂದರು. ಪಕ್ಕಕ್ಕೆ ಚಾಚು ಎಂದರು, ಚಾಚಿದೆ.

"ಕಾಣಲ್ಲ," ಎಂದರು ಯಜಮಾನರು. ಹಿಟ್ಟಿನ ಡಬ್ಬಿಯತ್ತ ಬೆರಳು ಮಾಡಿ, "ಭಾವಾ, ಡ್ರಮ್ಮು," ಎಂದರು.

ಕ್ಯಾಂಟೀನಿಗೆ ನುಗ್ಗಿದ ಆ ವಾರ ಕಾರ್ಖಾನೆಯ ತಿರುವಿನಲ್ಲಿ ಖಾಲಿ ಡ್ರಮ್ಮುಗಳನ್ನು ಆಳೆತ್ತರಕ್ಕೆ ಸ್ವಲ್ಪ ಕಡಿಮೆ ಪೇರಿಸಿಟ್ಟಿದ್ದರಂತೆ. ಎಂಜಿನ್ನಿನಿಂದ ನೋಡಿದರೆ ಯಜಮಾನರ ಟೋಪಿ ಕಂಡಿತು, ಎತ್ತಿದ ಕೈ ಕಂಡಿತು, ಚಾಚಿದ ಕೈ ಡ್ರಮ್ಮಿನ ಹಿಂದೆ ಹೋಯಿತು. ಹಾಗಾದರೆ ವಿಚಾರಣೆಯ ದಿನ ಸಾಹೇಬರಿಗೆ ಡ್ರಮ್ಮು ಯಾಕೆ ಕಾಣಲಿಲ್ಲ ಎಂದು ನಾನು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಸಾಹೇಬರು ಬರುತ್ತಾರೆ, ಅಂಗಳ ಚೊಕ್ಕಟವಾಗಿರಬೇಕು ಎಂದು ಮೇಸ್ತ್ರಿ ಹೇಳಿದ್ದಕ್ಕೆ ಅಷ್ಟನ್ನೂ ವ್ಯಾಗನ್ನಿಗೆ ತುಂಬಿಸಿ ಹೊರಗೆ ಹಾಕಿದ್ದರು. ಹಾಕಿದವರು ಯಾರು? ಇವರೇ! ಒಬ್ಬರು ಕೈ ತೋರಿಸಿದ್ದರು, ಇನ್ನೊಬ್ಬ ಓಡಿಸಿದ್ದ. ತಮ್ಮ ಸಾಕ್ಷಿಯನ್ನು ತಾವೇ ಸಾಗಿಸಿ, ಆ ಕೆಲಸ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದರೆಂದರೆ ಅವರಿಗೇ ಮರೆತುಹೋಗಿತ್ತು.

ನನಗೆ ನಗು ಬಂತು, ಅಳುವೂ ಬಂತು. ಇಬ್ಬರೂ ನಿಜವನ್ನೇ ಹೇಳಿದ್ದರು. ಒಬ್ಬರಾದರೂ ಸುಳ್ಳು ಹೇಳಿದ್ದರೆ ಯಾವತ್ತೋ ಕ್ಷಮೆ ಕೇಳಿ ಮುಗಿದಿರುತ್ತಿತ್ತು.

ಸರಿ, ಗ್ರಹಣ ಬಿಟ್ಟಿತು ಎಂದುಕೊಂಡು ಪಾಯಸಕ್ಕೆ ಬೆಲ್ಲದ ಡಬ್ಬಿಗೆ ಕೈಹಾಕಿದೆ. ಎಲ್ಲಿ ಬಿಟ್ಟಿತು? ಕೈ ಕಾಣದಿದ್ದರೆ ನಿಲ್ಲಿಸಬೇಕಾದ್ದು ಡ್ರೈವರನ ಧರ್ಮ, ತಪ್ಪು ನನ್ನದು ಎಂದ ಅಣ್ಣ. ಕಾಣುವ ಜಾಗದಲ್ಲಿ ನಿಲ್ಲಬೇಕಾದ್ದು ಕೈ ತೋರಿಸುವವನ ಧರ್ಮ, ತಪ್ಪು ನನ್ನದು ಎಂದರು ಯಜಮಾನರು. ನನ್ನದು ದೊಡ್ಡದು, ನನ್ನದು ದೊಡ್ಡದು ಎಂದು ಊಟದವರೆಗೂ ಕಿತ್ತಾಡಿದರು. ಇಬ್ಬರಿಗೂ ಸೋಲು ಒಪ್ಪಿಕೊಂಡು ಅಭ್ಯಾಸವಿಲ್ಲ, ಹಾಗಾಗಿ ಅದರಲ್ಲೂ ಗೆಲ್ಲಲೇಬೇಕಾಗಿತ್ತು. ಕೊನೆಗೆ ಅಣ್ಣ ಕೈ ತೊಳೆದುಕೊಂಡು ನನಗೆ ಹೇಳಿದ.

"ಇಷ್ಟು ದಿನ ಸಿಟ್ಟಲ್ಲಿ ಹೊರಟಿದ್ದೆ ಕಣೆ. ಈಗ ನಾಚಿಕೆಯಾಗಿ ಹೋಗ್ತೀನಿ."

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಸಿಟ್ಟನ್ನಾದರೆ ಸಮಾಧಾನ ಮಾಡಬಹುದು, ನಾಚಿಕೆಗೆ ಏನು ಮದ್ದು ಅರೆಯಲಿ?

ಭಾನುವಾರ ಲಾರಿ ಬಂತು. ನಮ್ಮ ಓಣಿ ಇಕ್ಕಟ್ಟು, ತಿರುವಿನಿಂದ ಹಿಂದೆ ಹಿಂದೆಯೇ ಬರಬೇಕು. ಚಾಲಕ ಕನ್ನಡಿ ನೋಡಿಕೊಂಡು ನಿಧಾನಕ್ಕೆ ಬಿಡುತ್ತಿದ್ದ. ಅಣ್ಣ ಒಂದು ಪೆಟ್ಟಿಗೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾನು ಕಣ್ಣೊರೆಸಿಕೊಳ್ಳುವುದನ್ನು ಬಚ್ಚಿಡಲಿಲ್ಲ, ಬಚ್ಚಿಟ್ಟು ಆಗಬೇಕಾದ್ದೇನೂ ಇರಲಿಲ್ಲ. ಯಜಮಾನರು ಬನಿಯನ್ನಿನಲ್ಲೇ ಬೀದಿಗಿಳಿದರು. ಲಾರಿಗೆ ದಾರಿ ತೋರಿಸಲು ಹೋಗುತ್ತಿದ್ದಾರೆ, ಅಣ್ಣನನ್ನು ಸಾಗಹಾಕಲು ಇವರಿಗೆಷ್ಟು ಉತ್ಸಾಹ ಎಂದು ನನ್ನ ಹೊಟ್ಟೆ ಉರಿಯಿತು.

ಓಣಿಯ ಮಧ್ಯಕ್ಕೆ ಹೋಗಿ ನಿಂತರು. ಒಮ್ಮೆ ಲಾರಿಯ ಕನ್ನಡಿಯನ್ನು, ಒಮ್ಮೆ ನಮ್ಮ ಬಾಗಿಲನ್ನು ನೋಡಿದರು. ಪಕ್ಕದ ಮನೆಯ ಸೈಕಲ್ಲು ಅಡ್ಡವಾಗುತ್ತಿತ್ತು, ಎರಡು ಹೆಜ್ಜೆ ಈಚೆಗೆ ಬಂದರು. ಆಮೇಲೆ ಕೈಯನ್ನು ಹೆಗಲಿನ ನೇರಕ್ಕೆ, ಪಕ್ಕಕ್ಕೆ ಚಾಚಿದರು.

ಲಾರಿ ನಿಂತಿತು. ಮನೆ ಇನ್ನೂ ದೂರವಿತ್ತು. ಚಾಲಕ ತಲೆ ಹೊರಹಾಕಿ, ಇನ್ನೂ ಹಿಂದೆ ಬರಬೇಕಲ್ಲ ಯಜಮಾನ್ರೇ ಎಂದ. ಕೈ ಇಳಿಯಲಿಲ್ಲ. ಅವನು ಹಾರನ್ ಬಾರಿಸಿದ. ಆಗಲೂ ಇಳಿಯಲಿಲ್ಲ.

ಯಜಮಾನರು ನಮ್ಮ ಕಡೆ ತಿರುಗದೆಯೇ ಕೇಳಿದರು. "ಭಾವಾ, ಕಾಣ್ತಾ?"

ಅಣ್ಣ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

"ಕಾಣ್ತು," ಎಂದ.