ಪದ್ಮಜಾಳ ದನಿ

ಪದ್ಮಜಾ ತೀರಿಕೊಂಡ ಸುದ್ದಿ ಚಂದಾಪುರಕ್ಕೆ ಬಂದ ದಿನ, ಆಕೆಯ ದನಿ ಯುವಜನ ಮಾಹಿತಿ ಕೇಂದ್ರದಲ್ಲಿ ಇನ್ನೂ ಮಾತಾಡುತ್ತಿತ್ತು. ಚಂದ್ರಂಪಳ್ಳಿಯ ದಾರಿಯಲ್ಲಿ ಜೀಪು ಮಗುಚಿತೆಂದು ಪೇದೆಯೊಬ್ಬ ಹೇಳುತ್ತಿದ್ದರೆ, ಒಳಗಿನ ಕಂಪ್ಯೂಟರು, 'ಬರ್ರಿ, ಕುಂದ್ರಿ, ಏನ್ ಕೆಲಸ ಹುಡುಕಾಕತ್ತೀರಿ?' ಎಂದು ಯಾರನ್ನೋ ವಿಚಾರಿಸುತ್ತಿತ್ತು. ಆಕೆಯ ತಂದೆ ಆನಂದತೀರ್ಥಾಚಾರ್ಯರು ಬಾಗಿಲಲ್ಲಿ ನಿಂತು ಎರಡನ್ನೂ ಒಟ್ಟಿಗೇ ಕೇಳಿದರು.

ಅದು ಎರಡು ಸಾವಿರದ ಮೂರನೆಯ ಇಸವಿ. ಹಳ್ಳಿಯ ಹುಡುಗ ಹುಡುಗಿಯರು ಹೊಸ ಕಾಲಕ್ಕೆ ಹಿಂದೆ ಬೀಳಬಾರದೆಂದು ಸರಕಾರ ಆ ಕೇಂದ್ರ ತೆರೆದಿತ್ತು. ಓದು ಬಾರದವರಿಗೂ ತಿಳಿಯಲೆಂದು ನೌಕರಿ, ತರಬೇತಿಗಳ ವಿವರವನ್ನೆಲ್ಲ ಪದ್ಮಜಾ ಊರಿನ ಮಾತಿನಲ್ಲೇ ಹೇಳಿ ಯಂತ್ರಕ್ಕೆ ತುಂಬಿದ್ದಳು.

ಹತ್ತನೆಯ ದಿನ ಮುಲ್ಲಾಮಾರಿ ಹೊಳೆಯ ದಂಡೆಯಲ್ಲಿ ಆಚಾರ್ಯರು ಪಿಂಡ ಇಟ್ಟರು. ಕಾಗೆಗಳು ಬಂದವು, ಸುತ್ತ ಕುಳಿತವು. ಒಂದೂ ಮುಟ್ಟಲಿಲ್ಲ. ಎಲ್ಲವೂ ಚಂದಾಪುರದ ಕಡೆಗೇ ಮುಖ ಮಾಡಿದ್ದವು.

'ಆಕಿ ಜೀವ ಎಲ್ಲೋ ಸಿಕ್ಕೊಂಡದ,' ಎಂದ ಪುರೋಹಿತ ಶ್ರೀನಿವಾಸ. 'ಯಾರಿಗರೆ ಮಾತು ಕೊಟ್ಟಿದ್ಲೇನು, ಕಾಕಾ?'

ಆಚಾರ್ಯರು ಒದ್ದೆ ಪಂಚೆಯಲ್ಲೇ ಕೇಂದ್ರಕ್ಕೆ ನಡೆದರು. ಅಲ್ಲಿ ರಾಧಿಕಾ ಎಂಬ ಹುಡುಗಿ ಯಂತ್ರದ ಮುಂದೆ ಕುಳಿತು ದಾದಿಯರ ತರಬೇತಿಯ ವಿವರ ಕೇಳುತ್ತಿದ್ದಳು. ಕೇಳಿ ಮುಗಿಸಿ ಕೊನೆಯ ಗುಂಡಿ ಒತ್ತಿದಳು.

'ಹೋಗಿ ಬರ್ತೀನ್ರಿ,' ಎಂದಿತು ಪದ್ಮಜಾಳ ದನಿ.

ಆಚಾರ್ಯರು ಯಂತ್ರದ ಹತ್ತಿರ ಬಂದರು. 'ಹಿಂಗ ಹೇಳು ಅಂತ ಯಾರಂದ್ರು?'

'ಯಾರೂ ಅಂದಿಲ್ರಿ ಆಚಾರ್ರ,' ಎಂದ ಕೇಂದ್ರ ನೋಡಿಕೊಳ್ಳುವ ಮಶಾಕ. 'ಮ್ಯಾಲಿನವರು ಧನ್ಯವಾದ ಅಂತ ಬರದು ಕಳಿಸಿದ್ರು. ಅಕ್ಕ ನಕ್ಕು, ಧನ್ಯವಾದ ಅಂದ್ರ ನಮ್ ಮಂದಿ ಅಂಜಿ ಓಡ್ತಾರೋ ಖೋಡಿ ಅಂದು, ಮನ್ಯಾಗ ಅಂದಂಗ ಅಂದುಬಿಟ್ಲು.'

ಮನೆ ಬಿಡುವಾಗ ಬರಿದೇ 'ಹೋಗ್ತೀನಿ' ಎನ್ನಬಾರದೆಂದು ಆಕೆಗೆ ಕಲಿಸಿದವರು ಆಚಾರ್ಯರೇ. ಈಗ ಸತ್ತವಳು ದಿನವಿಡೀ, ಬಂದವರಿಗೆಲ್ಲ, ತಿರುಗಿ ಬರುವ ಮಾತು ಕೊಡುತ್ತಿದ್ದಳು.

'ಆ ಮಾತು ಅಳಸಪ್ಪ.'

'ಅದೊಂದೇ ಅಳಸಾಕ ಬರಲ್ರಿ. ಅಕ್ಕನ ದನಿ ಪೂರಾ ಹೋಗ್ತದ. ಬ್ಯಾರೆ ಎಲ್ಲೂ ಇಲ್ರಿ ಅದು.'

ಆಚಾರ್ಯರು ಗೋಡೆಗೆ ಒರಗಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಆ ಕಪ್ಪಿನೊಳಗಿಂದ ಮೆಲ್ಲಗೆ ಕೇಳಿತು:

'ಅಪ್ಪಾ, ಹೋಗಿ ಬರ್ಲೇನು?'

'ಇದು ನಾವು ತುಂಬಿದ್ದಲ್ರಿ,' ಎಂದು ಮಶಾಕ ಹಿಂದೆ ಸರಿದ. ರಾಧಿಕಾ ಬಾಯಿಗೆ ಸೆರಗು ಒತ್ತಿಕೊಂಡಳು.

'ಹೋಗಿ ಬಾ ತಾಯಿ' ಎಂಬುದು ಆಚಾರ್ಯರ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದರು.

'ಹೋಗವ್ವಾ,' ಎಂದರು. 'ಇನ್ನ ಬರಬ್ಯಾಡ.'

ಕರೆಂಟು ಬಂದ ಮೇಲೆ ಮಶಾಕ ಎಲ್ಲವನ್ನೂ ಅಳಿಸಿದ. ಆಚಾರ್ಯರು ಕಣ್ಣು ಮುಚ್ಚಿ ಕೈ ಮುಗಿದರು.

'ನಾರಾಯಣಾ, ನನ್ನ ಕೂಸು ಹಿಂದಿರುಗಿ ನೋಡದಿರಲಿ. ನಿನ್ನ ಪಾದದಲ್ಲಿ ಅದಕ್ಕೆ ಶಾಂತಿ ಕೊಡು.'