ಎಂಟನೆಯ ಅರ್ಜಿ

ಕೈಯಲ್ಲಿದ್ದದ್ದು ಏಳೇ ಅರ್ಜಿ. ಎಂಟಾಗದಿದ್ದರೆ ಕೃಷ್ಣರಾಜನಗರದ ನಮ್ಮ ಕಾಲೇಜಿಗೆ ಗಣಿತದ ಆನರ್ಸ್ ತರಗತಿ ಕೊಡುವುದಿಲ್ಲ ಎಂದು ವಿಶ್ವವಿದ್ಯಾನಿಲಯ ಖಡಾಖಂಡಿತವಾಗಿ ಬರೆದಿತ್ತು. ಅದಕ್ಕಾಗಿ ಗಣಿತದ ಮೇಷ್ಟ್ರಾದ ನಾನು ಎರಡು ವರ್ಷ ಮೈಸೂರಿನ ಕಚೇರಿಗಳಿಗೆ ಅಲೆದಿದ್ದೆ. ಸಂಜೆ ಐದಕ್ಕೆ ಗಡುವು, ಮೂರಕ್ಕೆ ರೈಲು. ಇಡೀ ಕಾಲೇಜಿಗೆ ಮೊದಲಿಗಳಾದ ಚಿಕ್ಕತಾಯಿಯದೇ ಅರ್ಜಿ ಬಂದಿರಲಿಲ್ಲ! ಮೈಯೆಲ್ಲ ಉರಿದುಹೋಯಿತು. ಸೈಕಲ್ ಹತ್ತಿ ಅವಳೂರು ಚುಂಚನಕಟ್ಟೆಗೆ ತುಳಿದೆ.

ಅವಳು ಮೊಣಕಾಲುದ್ದ ಕೆಸರಲ್ಲಿ ಭತ್ತದ ನಾಟಿ ಮಾಡುತ್ತಿದ್ದಳು. ಪಕ್ಕದಲ್ಲಿ ತಾಯಿ ಸಾಕಮ್ಮ, ಸುತ್ತ ನೆರೆಮನೆಯ ಹೆಂಗಸರು.

"ಏನಮ್ಮ, ಮಾರ್ಕ್ಸ್ ಕಾರ್ಡನ್ನ ಒಲೆಗೆ ಹಾಕಿದೆಯಾ?" ಎಂದು ಬದುವಿನಿಂದಲೇ ಕೂಗಿದೆ.

ಉತ್ತರ ಕೊಟ್ಟವರು ಸಾಕಮ್ಮ. "ಅವಳ್ನ ಬಯ್ಬ್ಯಾಡಿ ಸೋಮಿ. ಇವತ್ತು ಮನೆಗಿಬ್ರಂಗೆ ನಮ್ ಗದ್ದೆಗೆ ಮುಯ್ಯಾಳು ಬಂದವ್ರೆ. ನಾಳೆ ನಾವಿಬ್ರೂ ಅವ್ರ ಗದ್ದೆಗೆ ಓಗ್ಬೇಕು. ನಾಟಿ ಆದ್ಮೇಲೆ ಕಳೆ, ಕಳೆ ಆದ್ಮೇಲೆ ಕುಯ್ಲು. ಇವ್ಳು ಕಾಲೇಜ್ಗೆ ಓದ್ರೆ ನಂಜೊತೆ ಇನ್ನೊಂದಾಳು ಯಾರು?"

"ನಾವು!" ಎಂದುಬಿಟ್ಟೆ. "ನನ್ನ ಏಳು ಹುಡುಗರು ಸರದಿ ಮೇಲೆ ಬರ್ತಾರೆ. ಅವರು ತಪ್ಪಿಸಿಕೊಂಡರೆ ನಾನೇ ಬರ್ತೀನಿ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಕಮ್ಮ ನಗಲಿಲ್ಲ. ಕೈ ತೊಳೆದು, ನಾನು ತಂದಿದ್ದ ಅರ್ಜಿಯನ್ನು ಮಗಳಿಂದ ತುಂಬಿಸಿ, ಕೆಳಗೆ ಅಕ್ಷರ ಕೂಡಿಸಿ ಸಹಿ ಹಾಕಿದರು. "ಆದ್ರೆ ನಿಮ್ ಕಿಲಾಸು ಬರೋಗಂಟ ನನ್ ಮಗಳು ಗದ್ದೆ ಬುಡಾಕಿಲ್ಲ," ಎಂದರು. ರೈಲು ಹೊರಡುತ್ತಿದ್ದಾಗ ಓಡಿ ಹತ್ತಿದೆ. ಐದಕ್ಕೆ ಹತ್ತು ನಿಮಿಷವಿರುವಾಗ ಎಂಟೂ ಅರ್ಜಿ ಕೊಟ್ಟೆ!

ಮರುದಿನದಿಂದಲೇ ಹುಡುಗರನ್ನು ನೆರೆಯವರ ಗದ್ದೆಗೆ ಇಳಿಸಿದೆ, ನಾನೂ ಪಂಚೆ ಎತ್ತಿ ಕಟ್ಟಿದೆ. ನಾವು ನೆಟ್ಟ ಪೈರು ತೇಲಿ ಮೇಲೆ ಬರುತ್ತಿತ್ತು. ಚಿಕ್ಕತಾಯಿ ಗೊಣಗುತ್ತಾ ಮತ್ತೆ ನೆಡುತ್ತಿದ್ದಳು.

ನಾಲ್ಕನೆಯ ದಿನ ಕಾಲೇಜಿನ ಜವಾನ ದಾಸಯ್ಯ ತಂತಿ ಕಾಗದ ಬೀಸುತ್ತಾ ಬದುವಿನ ಮೇಲೆ ಓಡಿ ಬಂದ. "ಬಂತು ಸಾ! ಆನರ್ಸ್ ಬಂತು!"

ಅಯ್ಯೋ, ಆ ಖುಷಿಯನ್ನು ಹೇಗೆ ಹೇಳಲಿ! ನಾನು, ಹುಡುಗರು ಎಲ್ಲ ಕೆಸರಲ್ಲೇ ಕುಣಿದೆವು.

"ಪೈರು ತುಳೀಬ್ಯಾಡ್ರಲಾ! ನಿಮ್ ಆನರ್ಸ್ಗೆ ಬೆಂಕಿ ಹಾಕ!" ಎಂದು ಗದ್ದೆಯ ಒಡತಿ ಕುಳ್ಳಮ್ಮ ಕಿರುಚಿದರು.

ಚಿಕ್ಕತಾಯಿ ಮಾತ್ರ ಅಲುಗದೆ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಸಾಕಮ್ಮ ಮಗಳ ಕೈಯಲ್ಲಿದ್ದ ಪೈರಿನ ಕಟ್ಟನ್ನು ಕಿತ್ತುಕೊಂಡು ನನ್ನ ಕೈಗೆ ತುರುಕಿದರು.

"ಓಗವ್ವ, ಕಾಲ್ ತೊಳ್ಕೊ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಬಗ್ಗಿ," ಎಂದರು.