ಅತ್ತೆಯ ನಮಾಜಿನ ಬಟ್ಟೆ

ಮತ್ತೆ ಕಕ್ಕಿದ, ಈ ಚಮಚವೂ ಮಣ್ಣುಪಾಲು, ಗುಡಾರದ ಬಟ್ಟೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಲೇ ಇದೆ, ಅತ್ತೆಯ ಬಾಯಿಯೂ ಹಾಗೆಯೇ — ನೀರು ಕೊಡಬೇಡ ಕಣೇ ಸಲಾಮಾ, ಮೇಲಿಂದ ಹೊಯ್ದಷ್ಟೂ ಕೆಳಗಿಂದ ಹೋಗ್ತದೆ, ತೂತು ಮಡಕೆಗೆ ಯಾರಾದ್ರೂ ನೀರು ತುಂಬ್ತಾರಾ — ತುಂಬ್ತಾರೆ, ನಾನು ತುಂಬ್ತೀನಿ, ನನ್ನ ಮಗ ಮಡಕೆಯಲ್ಲ, ಎರಡು ವರ್ಷದ ಜಾಬಿರ್, ನಿನ್ನೆ ಮೇಕೆಯ ಬಾಲ ಹಿಡಿದು ಓಡುತ್ತಿದ್ದವನು, ಈಗ ಕಣ್ಣು ಗುಳಿಬಿದ್ದು ಮುದುಕನ ಹಾಗೆ ನೋಡುತ್ತಾನೆ, ಇನ್ನೊಂದು ಚಮಚ, ನುಂಗು ಕಂದಾ, ಔಷಧಿ ಗುಡಾರದ ನರ್ಸಮ್ಮ ಇಫ್ತಿಕಾರ್ ಹೇಳಿದ್ದಳು, ಕಾಲರಾ ಇದು, ಮಂಚ ಖಾಲಿ ಇಲ್ಲಕ್ಕಾ, ಈ ಉಪ್ಪಿನ ಪುಡಿ ಕಲಸಿ ಬಿಡದೆ ಕುಡಿಸ್ತಾ ಇರು, ಉಚ್ಚೆ ಹೊಯ್ದ ಅಂದ್ರೆ ಉಳಿದ ಅಂತ ತಿಳ್ಕೊ, ನೀರು ಹೊಟ್ಟೇಲಿ ನಿಂತ್ರೆ ಹತ್ತರಲ್ಲಿ ಒಂಬತ್ತು ಉಳೀತವೆ — ಆ ಹತ್ತನೆಯದು ಯಾರ ಮನೆಯದು ಅಂತ ಆ ಪುಣ್ಯಾತ್ಗಿತ್ತಿ ಹೇಳಲಿಲ್ಲ, ಪಕ್ಕದ ಗುಡಾರದ ಜುಮಾಳನ್ನು ಕೇಳಿದರೆ ಗೊತ್ತಾಗುತ್ತದೆ, ಅವಳ ಮಗಳನ್ನು ಹೂಳಿದ ಮಣ್ಣು ಇನ್ನೂ ಆರಿಲ್ಲ, ಈ ನಿರಾಶ್ರಿತರ ಶಿಬಿರದಲ್ಲಿ ಕಕ್ಕಸಿನ ಗುಂಡಿ ಪಕ್ಕದಲ್ಲೇ ಬಾವಿ ತೋಡಿದ ಮಹಾನುಭಾವರು ಯಾರೋ, ನೀರು ಕಾಯಿಸಲು ಸೌದೆ ತಾ ಅಂದರೆ ನನ್ನ ಗಂಡ ಕೆನ್ನೆತುಂಬ ಅಮಲಿನ ಖಾತ್ ಎಲೆ ತುರುಕಿಕೊಂಡು ಎಲ್ಲ ಅಲ್ಲಾಹನ ಕೈಲಿದೆ ಅನ್ನುತ್ತಾನೆ, ಸೌದೆಯನ್ನೂ ಅಲ್ಲಾಹನೇ ಒಡೆಯಬೇಕಾ, ಚಡ್ಡಿ ಮುಟ್ಟಿ ನೋಡುತ್ತೇನೆ, ಮುಂದೆ ಒಣಗಿಯೇ ಇದೆ.

ಮೊನ್ನೆ ತನಕ ಇವನು ಉಚ್ಚೆ ಹೊಯ್ದರೆ ಅತ್ತೆ ಆಕಾಶ ಭೂಮಿ ಒಂದು ಮಾಡುತ್ತಿದ್ದಳು, ಒಂದು ಹನಿ ಸಿಡಿದರೂ ನಮಾಜು ಕೂಡುವುದಿಲ್ಲವಂತೆ, ನನ್ನ ಹತ್ರ ಇರೋದೇ ಒಂದು ಶುದ್ಧ ಬಟ್ಟೆ, ದೂರ ಹಿಡಿ ನಿನ್ನ ಮಗನ್ನ — ಕುಡಿಯಲು ನೀರಿಲ್ಲದಲ್ಲಿ ಒಗೆಯಲು ಎಲ್ಲಿಂದ ತರಲಿ, ಒಗೆಯುತ್ತೇನೆ, ನೂರು ಸಲ ಒಗೆಯುತ್ತೇನೆ, ಹೊಯ್ಯೋ ಮಾರಾಯ, ಚಮಚ ತುಳುಕುತ್ತಿದೆ, ಕೊಡಿಲ್ಲಿ, ಅರ್ಧ ನೆಲಕ್ಕೇ ಕುಡಿಸ್ತೀಯ ನೀನು, ಅಂತ ಅತ್ತೆ ಕಿತ್ತುಕೊಳ್ಳುತ್ತಾಳೆ, ಬಿಳಿ ನಮಾಜಿನ ಬಟ್ಟೆಯ ಮಡಿಲಲ್ಲೇ ಮಲಗಿಸಿಕೊಳ್ಳುತ್ತಾಳೆ, ತೂತು ಮಡಕೆ ತೂತು ಮಡಕೆ ಅಂತ ಗೊಣಗುತ್ತಲೇ ಒಂದೊಂದೇ ಚಮಚ ಹಾಕುತ್ತಾಳೆ, ಕಕ್ಕುವುದಿಲ್ಲ, ಇನ್ನೊಂದು, ಕಕ್ಕುವುದಿಲ್ಲ, ನನ್ನ ಕಣ್ಣು ಎಳೆಯುತ್ತಿದೆ, ಮುಚ್ಚಬಾರದು, ಮುಚ್ಚಿದೆನಾ, ಬೆಳಗಿನ ನಮಾಜಿನ ಬಾಂಗು ಕೇಳಿಸುತ್ತಿದೆ, ಎಲ್ಲರಿಗಿಂತ ಮೊದಲು ಏಳುವವಳು ಅತ್ತೆ, ಏಳುತ್ತಿಲ್ಲ, ಗೊಣಗುತ್ತಲೂ ಇಲ್ಲ, ಜುಮಾ ಕೂಡ ಹೀಗೇ ಕೂತಿದ್ದಳು ಮಡಿಲಲ್ಲಿ ಮಗಳನ್ನಿಟ್ಟುಕೊಂಡು, ಬಾಯಿ ಮುಚ್ಚಿಕೊಂಡು, ಮಾತಾಡು ಅತ್ತೆ, ಬೈಯಾದರೂ ಬೈ, ಬಾಂಗಾಯ್ತು ಅನ್ನುತ್ತೇನೆ, ಕೇಳಿಸ್ತು, ಸುಮ್ನಿರು, ಮಡಿಲು ಬಿಸಿಯಾಗ್ತಿದೆ, ಮುಂದಿಂದಲೇ ಕಣೇ ಅನ್ನುತ್ತಾಳೆ, ಮೊಣಕಾಲು ಅಲುಗಿಸದೆ ಕೂತಿದ್ದಾಳೆ, ಬಿಳಿ ಬಟ್ಟೆಯ ಮೇಲೆ ಅಂಗೈಯಗಲದ ಹಳದಿ ಒದ್ದೆ, ಹರಡುತ್ತಿದೆ, ಒದ್ದೆ, ಹಳದಿ ಒದ್ದೆ